ಮೂರು ಬೆರಳು ಹೆಚ್ಚು

"ಬಿಡಬೇಡ. ಬಿಗಿಯಾಗಿ ಹಿಡ್ಕೋ," ಅಂದಳು ದೊಡ್ಡಮ್ಮ, ಗೋಳದ ಆಚೆಯಿಂದ.

ನಾನು ಬಂಗಾರದ ತಂತಿಯ ಒಂದು ತುದಿಯನ್ನು ನಮ್ಮ ಊರಿನ ಚುಕ್ಕೆಯ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೆ. ಇನ್ನೊಂದು ತುದಿ ಅವಳ ಕೈಯಲ್ಲಿತ್ತು. ಏಣಿಯ ಎರಡನೇ ಮೆಟ್ಟಿಲ ಮೇಲೆ ನಿಂತು, ತಂತಿಯನ್ನು ಉತ್ತರದ ಹಿಮದ ಮೇಲೆ ಹಾಯಿಸಿ, ಆಚೆ ಬದಿಗೆ ಇಳಿಸಿ, ದೂರದ ಊರಿನ ಚುಕ್ಕೆಯತ್ತ ಒಯ್ಯುತ್ತಿದ್ದಳು. ಅವಳ ಮುಖ ಕಾಣುತ್ತಿರಲಿಲ್ಲ. ನಡುವೆ ಇಡೀ ಭೂಮಿ ಇತ್ತು.

"ಮುಟ್ತಾ?"

"ಮುಟ್ತು." ಒಂದು ಕ್ಷಣ ಬಿಟ್ಟು, "ಮುಟ್ಟಿ ದಾಟಿ ಹೋಯ್ತು."

ತುದಿಗೆ ಟೇಪು ಅಂಟಿಸಿ ಆಚೆ ಹೋಗಿ ನೋಡಿದೆ. ತಂತಿ ದೂರದ ಊರನ್ನು ಬಿಟ್ಟು ಮೂರು ಬೆರಳು ಮುಂದೆ ಚಾಚಿಕೊಂಡಿತ್ತು. ತುದಿಯಲ್ಲಿ ಕೂರಿಸಿದ ಕೆಂಪು ಹರಳು ನೀಲಿ ನೀರಿನ ಮೇಲೆ, ಒಂದು ದ್ವೀಪವೂ ಇಲ್ಲದ ಜಾಗದಲ್ಲಿ ಮಿನುಗುತ್ತಿತ್ತು. ನಮ್ಮ ಗೋಳದ ಮೇಲೆ ಒಂದು ಸೆಂಟಿಮೀಟರ್ ಎಂದರೆ ನೂರು ಕಿಲೋಮೀಟರ್. ಮೂರು ಬೆರಳೆಂದರೆ ಐದು ಸೆಂಟಿಮೀಟರ್ ಚಿಲ್ಲರೆ. ವಿಮಾನ ಐನೂರು ಕಿಲೋಮೀಟರ್ ಮುಂದೆ ಹೋಗಿ ನಡುಸಮುದ್ರದಲ್ಲಿ ಇಳಿದಿತ್ತು.

ಹತ್ತು ತಿಂಗಳ ಹಿಂದೆ ಒಂದು ವಿಮಾನ ಕಂಪನಿ ಈ ಗೋಳ ಮಾಡಿಕೊಡಲು ಕೇಳಿತ್ತು. ನಮ್ಮ ಊರಿನಿಂದ ಆ ಊರಿಗೆ ಎಲ್ಲೂ ನಿಲ್ಲದೆ ಹೋಗುವ ವಿಮಾನವನ್ನು ಅವರು ಆಗಲೇ ವರ್ಷದಿಂದ ಸರಕು ತುಂಬಿ ಹಾರಿಸುತ್ತಿದ್ದರು. ಈಗ ಜನರನ್ನು ಕೂರಿಸುವವರಿದ್ದರು. ಆ ಮೊದಲ ದಿನಕ್ಕೆ ನಿಲ್ದಾಣದ ದೊಡ್ಡ ಹಾಲ್‌ನಲ್ಲಿ ಪೀಠದ ಮೇಲೆ ಕೂತ, ನನ್ನ ಎದೆಮಟ್ಟದಷ್ಟು ಅಗಲದ ಗೋಳ, ಗೋಳದ ಮೇಲೆ ಬಂಗಾರದ ನೀರು ಕೊಟ್ಟ ತಂತಿಯ ದಾರಿ. ಗೋಳ ನಮ್ಮದು, ತಂತಿ ಅವರದು. ಊರಿನ ಬಸ್‌ಗಳ ಹಿಂದೆಲ್ಲ ಅವರ ಜಾಹೀರಾತು ಓಡಾಡುತ್ತಿತ್ತು: 13,800 ಕಿಲೋಮೀಟರ್, ಹದಿನಾರು ಗಂಟೆ, ಒಂದೇ ಹಾರಾಟ. ತಂತಿಯನ್ನು ಅಕ್ಕಸಾಲಿಯ ಕೈಲಿ ಆ ಲೆಕ್ಕಕ್ಕೇ ಮಾಡಿಸಿದ್ದರು. ಉದ್ಘಾಟನೆಗೆ ಇನ್ನು ಒಂಬತ್ತು ದಿನ.

"ಆ ಅಕ್ಕಸಾಲಿ ಕುಡಿದಿದ್ದ ಅನ್ಸುತ್ತೆ," ಅಂದೆ.

ದೊಡ್ಡಮ್ಮ ತಂತಿಯನ್ನು ಮೇಜಿನ ಮೇಲೆ ನೀಟಾಗಿ ಚಾಚಿ ಅಳತೆಪಟ್ಟಿ ಇಟ್ಟಳು. ನೂರ ಮೂವತ್ತೆಂಟು ಸೆಂಟಿಮೀಟರ್. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅವನು ಕುಡಿದಿದ್ರೂ ಅವನ ಕೈ ಕುಡಿದಿಲ್ಲ," ಅಂದಳು.

ಆಮೇಲೆ ದಾರ ತೆಗೆದಳು. ಜೇನುಮೇಣ ತಿಕ್ಕಿದ ರೇಷ್ಮೆ ದಾರ, ಎಳೆದರೆ ಹಿಗ್ಗದು. ಅದನ್ನು ಎರಡು ಚುಕ್ಕೆಗಳ ನಡುವೆ ಸಡಿಲವಾಗಿ ಹಾಕಿ ಮೆಲ್ಲಗೆ ಎಳೆಯುತ್ತ ಹೋದರೆ ತಾನಾಗಿ ಜಾರುತ್ತದೆ. ಗೋಡೆಯ ನಕ್ಷೆ ನೋಡಿ ಬೆಳೆದವರು ಆ ಊರಿಗೆ ಸೀದಾ ಪಶ್ಚಿಮಕ್ಕೆ ಹೋಗಬೇಕು ಅಂದುಕೊಂಡಿರುತ್ತಾರೆ. ದಾರ ಯಾರನ್ನೂ ಕೇಳುವುದಿಲ್ಲ. ಉತ್ತರಕ್ಕೆ ಸರಿಯುತ್ತದೆ, ಹಿಮ ಹತ್ತುತ್ತದೆ, ಅಲ್ಲಿ ಒಮ್ಮೆಗೆ ಗಟ್ಟಿಯಾಗಿ ನಿಂತುಬಿಡುತ್ತದೆ. ಅದಕ್ಕಿಂತ ಹತ್ತಿರದ ದಾರಿ ಭೂಮಿಯ ಮೇಲಿಲ್ಲ. ಎಷ್ಟೋ ಸಲ ನೋಡಿದ್ದೇನೆ. ಪ್ರತಿ ಸಲವೂ ಸತ್ತ ದಾರಕ್ಕೆ ಬುದ್ಧಿ ಬಂದಂತೆ ಕಂಡು ಮೈ ಜುಮ್ಮೆನ್ನುತ್ತದೆ.

ನೂರ ಮೂವತ್ತೆರಡು ಪಾಯಿಂಟ್ ಒಂಬತ್ತು.

ಮೂರು ಸಲ ಅಳೆದೆವು. ಮೂರು ಸಲವೂ ಅಷ್ಟೇ.

"ಕಾಗದ," ಅಂದಳು ದೊಡ್ಡಮ್ಮ, ಮತ್ತು ಸ್ಟೂಲಿನ ಮೇಲೆ ಕೂತಳು.

ನಮ್ಮ ಕೆಲಸದಲ್ಲಿ ಇಂಥ ತಪ್ಪಿಗೆ ಇರುವುದು ಇದೊಂದೇ ಹೆಸರು. ಗೋಳದ ಮೇಲೆ ಭೂಮಿ ಒಂದೇ ಹಾಳೆಯಾಗಿ ಬರುವುದಿಲ್ಲ. ಎರಡೂ ತುದಿ ಸಣ್ಣಗಾದ ಪಟ್ಟಿಗಳಾಗಿ ಬರುತ್ತದೆ. ಅವಕ್ಕೆ ನಾವು ಎಸಳು ಅನ್ನುತ್ತೇವೆ. ಈ ಗೋಳಕ್ಕೆ ಮೂವತ್ತಾರು. ಅಂಟು ಹಚ್ಚಿದ ಕೂಡಲೇ ಎಸಳು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಆದರೆ ಹಿಗ್ಗಿದಷ್ಟೇ ಕುಗ್ಗುವುದಿಲ್ಲ. ಅದಕ್ಕೇ ನಾನು ಕಂಪ್ಯೂಟರಿನಲ್ಲಿ ನೂರಕ್ಕೆ ಒಂದೂವರೆ ಪಾಲು ಚಿಕ್ಕದಾಗಿಯೇ ಅಚ್ಚು ಹಾಕುತ್ತೇನೆ. ದೊಡ್ಡಮ್ಮ ಅಂಟು ಬಳಿದು, ನಲವತ್ತರವರೆಗೆ ಎಣಿಸಿ, ಆಮೇಲೆ ಕೂರಿಸುತ್ತಾಳೆ. ಮೂವತ್ತು ಎಣಿಸಿದರೆ ಭೂಮಿ ಚಿಕ್ಕದಾಗುತ್ತದೆ. ಐವತ್ತು ಎಣಿಸಿದರೆ ಖಂಡಗಳು ಒಂದರ ಮೇಲೊಂದು ಹತ್ತುತ್ತವೆ. ಅಚ್ಚು ನನ್ನದು, ಅಂಟು ಅವಳದು. ತಪ್ಪು ಯಾರದೆಂದು ಇಬ್ಬರೂ ಕೇಳಲಿಲ್ಲ.

"ತಂತಿನ ಗೋಳಕ್ಕೆ ತಾಗಿಸದೆ ಸ್ವಲ್ಪ ಎತ್ತಿ ಕೂರಿಸಿದ್ರೆ?" ಅಂದೆ. "ಸಣ್ಣ ಮೊಳೆ ಕೊಟ್ಟು. ಬಿಲ್ಲಿನ ಹಾಗೆ. ಆಗ ಹೆಚ್ಚಿದ್ದೆಲ್ಲ ಅಡಗುತ್ತೆ."

"ಎಷ್ಟು ಎತ್ತರ?"

ಲೆಕ್ಕ ಹಾಕಿದೆ. "ಎರಡೂವರೆ ಸೆಂಟಿಮೀಟರ್."

"ಇನ್ನೂರ ಐವತ್ತು ಕಿಲೋಮೀಟರ್ ಮೇಲೆ. ಅಲ್ಲಿ ಗಾಳಿನೇ ಇಲ್ಲ. ಒಳಗೆ ಕೂತವರು ಏನು ಉಸಿರಾಡ್ತಾರೆ, ನಿನ್ನ ಲೆಕ್ಕಾನ?" ಅವಳು ಉಗುರನ್ನು ಗೋಳಕ್ಕೆ ತಾಗಿಸಿದಳು. "ವಿಮಾನ ಎಷ್ಟು ಮೇಲೆ ಹಾರುತ್ತೆ?"

"ಹನ್ನೊಂದು ಕಿಲೋಮೀಟರ್."

"ಒಂದು ಮಿಲಿಮೀಟರ್. ಈ ವಾರ್ನಿಷ್ ಇದೆಯಲ್ಲ, ಆರು ಕೋಟು. ಕೆಳಗಿನ ಕಾಗದ ಸೇರಿಸಿದ್ರೆ ಅಷ್ಟು ದಪ್ಪ. ಹಾರಾಟ ಎಲ್ಲ ಅದರೊಳಗೇ ಮುಗೀತು."

ನಾನು ಬಗ್ಗಿ ಗೋಳದ ಅಂಚನ್ನು ಬೆಳಕಿಗೆ ಎದುರಾಗಿ ನೋಡಿದೆ. ಹೊಳೆಯುವ ಒಂದು ತೆಳು ಗೆರೆ. ಬೆಟ್ಟಗಳು, ಮೋಡಗಳು, ಹಕ್ಕಿಗಳು, ಇದುವರೆಗೆ ಯಾರ್ಯಾರೋ ಎಳೆದುಕೊಂಡ ಉಸಿರೆಲ್ಲ ಆ ಗೆರೆಯೊಳಗೆ. ವಿಮಾನ ಆಕಾಶಕ್ಕೆ ಹೋಗುತ್ತದೆ ಅಂದುಕೊಂಡಿದ್ದೆ. ಅದು ವಾರ್ನಿಷ್‌ನೊಳಗೆ ಈಜುತ್ತದೆ.

"ನಾಳೆ ಬೆಳಿಗ್ಗೆ ಬಿಚ್ತೀನಿ," ಅಂದಳು ದೊಡ್ಡಮ್ಮ.

"ಏನನ್ನ?"

"ಎಲ್ಲಾನೂ."

"ಒಂಬತ್ತು ದಿನದಲ್ಲಿ ಮೂವತ್ತಾರು ಎಸಳು ಕೂರಿಸ್ತೀಯಾ?"

"ಕೂರಿಸಲ್ಲ. ಬಿಚ್ತೀನಿ ಅಷ್ಟೆ. ಸುಳ್ಳು ಭೂಮಿ ನನ್ನ ಕೈಯಿಂದ ಆಚೆ ಹೋಗಬಾರದು." ಬಲಗೈಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡಳು. "ಬೆರಳಿಗೆ ಏನೂ ಗೊತ್ತಾಗಲ್ಲ ಕಣೆ. ಒಂದು ವರ್ಷ ಆಯ್ತು. ತುದಿಗಳು ಸತ್ತು ಹೋಗಿವೆ."

ಆಗ ಅರ್ಥವಾಯಿತು. ಎರಡು ಎಸಳು ಸೇರುವ ಕಡೆ ಅಂಚು ಎದ್ದಿದೆಯೋ ಇಲ್ಲವೋ ಎಂದು ಅವಳು ಯಾವಾಗಲೂ ಬೆರಳ ತುದಿಯಿಂದ ಸವರಿ ನೋಡುತ್ತಿದ್ದವಳು. ಈ ಗೋಳದಲ್ಲಿ ಮಾತ್ರ ಕೆಳತುಟಿ ತಾಗಿಸಿ ನೋಡುತ್ತಿದ್ದಳು. ಸಮುದ್ರಕ್ಕೆ ಮುತ್ತು ಕೊಡ್ತಿದ್ದೀಯಾ ಅಂತ ನಾನು ರೇಗಿಸಿದ್ದೆ. ಅವಳು ನಕ್ಕಿದ್ದಳು.

"ಇದು ತಪ್ಪಿದ್ರೆ ಇನ್ನೊಂದು ಆಗಲ್ಲ," ಅಂದಳು. "ಇದೇ ಕೊನೇದು. ಬಾಗಿಲು ಹಾಕೋದು."

ಪ್ರಚಾರ ವಿಭಾಗದ ಮ್ಯಾನೇಜರಿಗೆ ಫೋನ್ ಮಾಡಿದೆ. ತಂತಿ ಕತ್ತರಿಸಬಹುದಾ ಎಂದು ಕೇಳಿದ್ದಕ್ಕೆ ಅವರು ನಕ್ಕರು. "ಮೇಡಂ, ತಂತಿ ಉದ್ದಕ್ಕೂ ಹದಿನಾರು ಗಂಟೆಗೆ ಹದಿನಾರು ಗುರುತು ಕೊರೆಸಿದ್ದೀವಿ. ಎರಡೂ ತುದಿಗೆ ಹರಳು. ನಮ್ಮ ದೊಡ್ಡವರು ನೋಡಿ ಮೆಚ್ಚಿ ಆಗಿದೆ. ಅದನ್ನ ಮುಟ್ಟೋ ಹಾಗಿಲ್ಲ."

"ಹದಿಮೂರು ಸಾವಿರದ ಎಂಟುನೂರು ಅಂತ ನಿಮಗೆ ಹೇಳಿದ್ದು ಯಾರು?"

"ದಾರಿ ಬರೆಯೋರು. ನಿಲ್ದಾಣದಲ್ಲಿ ಕೂತಿರ್ತಾರೆ. ಬೇಕಾದ್ರೆ ಹೋಗಿ ಕೇಳಿ, ಪಾಸ್ ಕಳಿಸ್ತೀನಿ. ನಂಬರ್ ಅಂತೂ ನಂದಲ್ಲಪ್ಪ."

ಬೆಳಿಗ್ಗೆ ಹೊರಡುವಾಗ ದೊಡ್ಡಮ್ಮನಿಗೆ ಮಧ್ಯಾಹ್ನದವರೆಗೆ ಕಾಯಲು ಹೇಳಿದೆ. "ಟೋಪಿ ಒಂದು ತೆಗೆದಿರ್ತೀನಿ," ಅಂದಳು. ಟೋಪಿ ಎಂದರೆ ಧ್ರುವದ ಮೇಲೆ, ಎಸಳುಗಳ ತುದಿ ಸೇರುವಲ್ಲಿ ಅಂಟಿಸುವ ಬಿಲ್ಲೆ. ಅವಳ ಕೈಯಲ್ಲಿ ಆಗಲೇ ಸ್ಪಿರಿಟ್ ಬಾಟಲಿ ಇತ್ತು.

ಆಕಾಶದ ದಾರಿ ಬರೆಯುವವರ ಕೋಣೆಗೆ ಕಿಟಕಿ ಇರಲಿಲ್ಲ. ನಿಲ್ದಾಣದ ನೆಲಮಹಡಿಯಲ್ಲಿ, ಸಾಮಾನು ಹೊರುವ ಪಟ್ಟಿಯ ಗಡಗಡ ಸದ್ದಿನ ಹಿಂದೆ, ಹನ್ನೆರಡು ಮೇಜುಗಳು. ಪ್ರತಿ ಮೇಜಿಗೆ ನಾಲ್ಕು ಪರದೆ. ಅಲ್ಲಿದ್ದವರು ನನಗೆ ತೋರಿಸಿದ ಹೆಂಗಸಿಗೆ ಐವತ್ತು ದಾಟಿರಬಹುದು. ಕನ್ನಡಕ ತಲೆಯ ಮೇಲೆ, ಇನ್ನೊಂದು ಕನ್ನಡಕ ಮೂಗಿನ ಮೇಲೆ. ಅವರನ್ನು ಅಲ್ಲಿ ಎಲ್ಲರೂ ಗಾಳಿ ಅಕ್ಕ ಎಂದೇ ಕರೆಯುತ್ತಿದ್ದರು.

"ನನಗೆ ಗಾಳಿ ಹಿಡಿದು ಇಪ್ಪತ್ತೆರಡು ವರ್ಷ ಆಯ್ತು," ಅಂದರು. "ಯಾವ ಮಂತ್ರವಾದಿನೂ ಬಿಡಿಸಿಲ್ಲ. ಏನಾಗಬೇಕಿತ್ತು?"

"ಆ ಊರಿಗೆ ಎಷ್ಟು ದೂರ?"

"ಯಾವತ್ತು?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವರು ಕುರ್ಚಿ ತಿರುಗಿಸಿ ಒಂದು ಪರದೆ ತೋರಿಸಿದರು. ನಕ್ಷೆಯ ಮೇಲೆ ಸಾವಿರಾರು ಸಣ್ಣ ಗರಿಗಳು, ಒಂದೊಂದೂ ಒಂದೊಂದು ದಿಕ್ಕಿಗೆ ಬಾಗಿ. ಗರಿಗಳ ನಡುವೆ ಒಂದು ಕಡೆ ಕಡುಕೆಂಪು ಪಟ್ಟಿ ಹಾವಿನ ಹಾಗೆ ಹೊರಳಿ ಮಲಗಿತ್ತು.

"ಇದು ಹೊಳೆ. ಗಾಳಿ ಹೊಳೆ. ಹನ್ನೊಂದು ಕಿಲೋಮೀಟರ್ ಮೇಲೆ ಹರೀತಿದೆ, ಗಂಟೆಗೆ ಇನ್ನೂರ ಎಪ್ಪತ್ತು ಕಿಲೋಮೀಟರ್ ವೇಗದಲ್ಲಿ. ನಿನ್ನೆ ಇಲ್ಲಿ ಇರಲಿಲ್ಲ. ನಾಳೆ ಎಲ್ಲಿರುತ್ತೋ ಗೊತ್ತಿಲ್ಲ. ಬರೋವಾಗ ನಾನು ವಿಮಾನಾನ ಇದರೊಳಗೆ ಇಳಿಸ್ತೀನಿ, ತೇಲಿಕೊಂಡು ಬರುತ್ತೆ. ಹೋಗೋವಾಗ ಇದರ ಕಣ್ಣಿಗೆ ಬೀಳದ ಹಾಗೆ ಸುತ್ತು ಹಾಕಿಸಿ ಕಳಿಸ್ತೀನಿ. ಇವತ್ತು ಬರೋದು ಹದಿಮೂರು ಸಾವಿರದ ಆರುನೂರ ನಲವತ್ತು, ಹದಿನಾಲ್ಕು ಗಂಟೆ ಐವತ್ತು ನಿಮಿಷ. ಹೋಗೋದು ಹದಿನಾಲ್ಕು ಸಾವಿರದ ನೂರ ಇಪ್ಪತ್ತು, ಹದಿನಾರೂ ಮುಕ್ಕಾಲು ಗಂಟೆ. ನಾಳೆ ಕೇಳಿದ್ರೆ ಬೇರೆ ಹೇಳ್ತೀನಿ."

"ಎರಡು ಊರು ಕದಲಲ್ಲ. ದೂರ ಹೇಗೆ ಬದಲಾಗುತ್ತೆ?"

"ಊರು ಕದಲಲ್ಲ ಕಣಮ್ಮ. ನಡುವೆ ಇರೋದೆಲ್ಲ ಕದಲುತ್ತೆ." ಅವರು ಇನ್ನೊಂದು ಪರದೆಯಲ್ಲಿ ಅಂಕಿಗಳ ಉದ್ದನೆಯ ಕಂಬ ಎಳೆದರು. "ಹೊರಡೋವಾಗ ಅದರ ತೂಕದಲ್ಲಿ ಅರ್ಧಕ್ಕೆ ಹತ್ತಿರ ಬರೀ ಎಣ್ಣೆ. ಮೇಲೆ ಹತ್ತೋಕೇ ಆಗಲ್ಲ, ಬಸುರಿ ಹಾಗೆ ಮೆಲ್ಲಗೆ ಹೋಗುತ್ತೆ. ಉರಿದು ಉರಿದು ಹಗುರಾಗುತ್ತೆ, ಹಗುರಾದ ಹಾಗೆ ಇನ್ನೊಂದು ಮೆಟ್ಟಿಲು ಮೇಲೆ ಹತ್ತಿಸ್ತೀನಿ. ಅಲ್ಲಿ ಇನ್ನೊಂದು ಗಾಳಿ. ಮುಂದಿನ ವಾರದಿಂದ ಮುನ್ನೂರು ಜನ ಮಲಗಿರ್ತಾರೆ. ಯಾರಿಗೂ ಗೊತ್ತಾಗಲ್ಲ, ಹಾಸಿಗೆ ಕೆಳಗೆ ಹೊಳೆ ಬದಲಾಯ್ತು ಅಂತ."

ಅವರು ಇದನ್ನು ಸೊಪ್ಪು ಸೋಸುವವರ ದನಿಯಲ್ಲಿ ಹೇಳಿದರು. ನಾನು ಕೂತ ಕುರ್ಚಿಯ ಕೈ ಹಿಡಿದುಕೊಂಡೆ.

"ಹಾಗಾದ್ರೆ ಹದಿಮೂರು ಸಾವಿರದ ಎಂಟುನೂರು?"

"ಓ, ಆ ಪ್ರಚಾರದವರು. ಒಂದು ವರ್ಷದ ಸರಾಸರಿ ಕೇಳಿದ್ರು. ಹೋಗೋದು ಬರೋದು ಎಲ್ಲ ಕೂಡಿಸಿ ಭಾಗಿಸಿ ಕೊಟ್ಟೆ. ಸರಿಯಾಗಿ ಅಷ್ಟೇ ದೂರ ಯಾವ ವಿಮಾನಾನೂ ಒಂದು ದಿನಾನೂ ಹಾರಿಲ್ಲ."

"ಗಾಳಿ ಇಲ್ಲ ಅಂದುಕೊಳ್ಳಿ," ಅಂದೆ. "ಗಾಳಿ ಇಲ್ಲ, ಏನೂ ಇಲ್ಲ. ಬರೀ ಭೂಮಿ. ಆಗ ಎಷ್ಟು?"

ಇಪ್ಪತ್ತೆರಡು ವರ್ಷದಲ್ಲಿ ಹಾಗೆ ಯಾರೂ ಕೇಳಿರಲಿಲ್ಲವೇನೋ. ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಎರಡು ಊರಿನ ಅಂಕಿ ಒತ್ತಿದರು.

ಪರದೆ ಹೇಳಿತು: 13,291.

ನಾನು ಓಡಲಿಲ್ಲ, ನಿಲ್ದಾಣದಲ್ಲಿ ಓಡಿದರೆ ಕಾವಲಿನವರು ಹಿಡಿಯುತ್ತಾರೆ. ಬಸ್ಸಿನಲ್ಲಿ ಮಾತ್ರ ಕೂರಲಾಗಲಿಲ್ಲ. ಗೋಧಿ ಹಿಟ್ಟಿನ ಅಂಟು, ಕಾಗದ, ನಲವತ್ತರವರೆಗೆ ಎಣಿಸುವ ಒಂದು ಬಾಯಿ, ಸತ್ತ ಬೆರಳುಗಳು, ಒಂದು ಕೆಳತುಟಿ. ಇಷ್ಟರಿಂದ ಹದಿಮೂರು ಸಾವಿರ ಕಿಲೋಮೀಟರಿಗೆ ಒಂದೇ ಒಂದು ಕಿಲೋಮೀಟರ್ ವ್ಯತ್ಯಾಸ. ನಮ್ಮ ಗೋಳದ ಮೇಲೆ ಅದು ಮಿಲಿಮೀಟರಿನ ಹತ್ತನೇ ಒಂದು ಪಾಲು, ದಾರದ ದಪ್ಪಕ್ಕಿಂತಲೂ ಕಡಿಮೆ. ಯಾರೋ ಕಾಲು ತುಳಿದರು, ಬೈದರು. ನಾನು ಅವರನ್ನು ನೋಡಿ ನಕ್ಕೆ.

ಬಾಗಿಲು ತೆರೆದಾಗ ಸ್ಪಿರಿಟ್ ವಾಸನೆ. ದೊಡ್ಡಮ್ಮ ಏಣಿಯ ಮೇಲಿದ್ದಳು. ಟೋಪಿ ಬಿಚ್ಚಿ ಪಕ್ಕದ ತಟ್ಟೆಯಲ್ಲಿ ಒದ್ದೆಯಾಗಿ ಬಿದ್ದಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ಧ್ರುವದ ಮೇಲೆ ಬಗ್ಗಿ ಹಾಗೇ ನಿಂತಿದ್ದಳು.

"ಕೂಡಿವೆ ಕಣೆ," ಅಂದಳು.

ನಾನೂ ಹತ್ತಿ ನೋಡಿದೆ. ಮೂವತ್ತಾರು ಎಸಳುಗಳ ಮೂವತ್ತಾರು ತುದಿಗಳು ಸೂಜಿಮೊನೆಯಷ್ಟು ಜಾಗದಲ್ಲಿ ಬಂದು ಸೇರಿದ್ದವು. ಒಂದರ ಮೇಲೊಂದು ಹತ್ತಿರಲಿಲ್ಲ. ನಡುವೆ ಸಂದು ಬಿಟ್ಟಿರಲಿಲ್ಲ. ಕಾಗದ ಕುಗ್ಗಿದ್ದರೆ ಹೀಗೆ ಆಗುವುದು ಸಾಧ್ಯವೇ ಇರಲಿಲ್ಲ.

"ಹದಿಮೂರು ಸಾವಿರದ ಇನ್ನೂರ ತೊಂಬತ್ತೊಂದು," ಅಂದೆ. "ಕಂಪ್ಯೂಟರ್ ಹೇಳಿದ್ದು. ನಿನ್ನ ಗೋಳ ತೊಂಬತ್ತು ಅಂತಿದೆ."

ಅವಳು ಸ್ಪಿರಿಟ್ ಬಾಟಲಿಗೆ ಮುಚ್ಚಳ ಹಾಕುತ್ತ, "ಆ ಒಂದು ಎಲ್ಲಿ ಹೋಯ್ತು?" ಅಂದಳು. ಕೆನ್ನೆ ಒದ್ದೆಯಾಗಿತ್ತು. ಸ್ಪಿರಿಟ್ ಘಾಟಿಗೆ ಕಣ್ಣು ಉರಿಯುತ್ತೆ ಅಂದಳು. ಅದೂ ನಿಜವೇ.

ಗಾಳಿ ಅಕ್ಕ ನನಗೆ ಹೋದ ತಿಂಗಳ ದಾರಿಗಳನ್ನೆಲ್ಲ ಅಚ್ಚು ಹಾಕಿ ಕೊಟ್ಟಿದ್ದರು: ಹೋಗಿದ್ದು ಮೂವತ್ತು, ಬಂದಿದ್ದು ಮೂವತ್ತು. ತಂತಿಯ ಬದಲು ಅದನ್ನು ಗೋಳದ ಮೇಲೆ ದಾರದಲ್ಲಿ ಹಾಕೋಣ ಅಂದವಳು ದೊಡ್ಡಮ್ಮ. ಒಣಗಿದ ಮೇಲೆ ಟೋಪಿ ಮತ್ತೆ ಅಂಟಿಸಿ, ನಾಲ್ಕು ದಿನ ಕೂತೆವು. ನಾನು ಅಂಕಿ ಓದಿ ಗುರುತು ಹಾಕುವುದು, ಅವಳು ಕೂದಲಿನಷ್ಟು ಸಣ್ಣ ಪಿನ್ನು ಕುತ್ತಿ ದಾರ ಹಾಯಿಸುವುದು. ಹೋಗುವುದಕ್ಕೆ ಕೆಂಪು, ಬರುವುದಕ್ಕೆ ನೀಲಿ.

ಮೊದಲ ದಿನ ಅದು ಸಿಕ್ಕುಸಿಕ್ಕಾಗಿ ಕಂಡಿತು. ನಾಲ್ಕನೇ ದಿನ ನಾನು ಏಣಿಯಿಂದ ಇಳಿದು, ಹಿಂದೆ ಸರಿದು, ಗೋಡೆಗೆ ಬೆನ್ನು ತಾಗುವಷ್ಟು ದೂರ ನಿಂತು ನೋಡಿದೆ. ನಮ್ಮ ಊರಿನ ಒಂದು ಚುಕ್ಕೆಯಿಂದ ಅರವತ್ತು ದಾರಿಗಳು ಏಳುತ್ತಿದ್ದವು. ಕೆಂಪು ಹಿಮದ ಕಡೆ ಬಾಗಿ ಹರಡಿತ್ತು, ನೀಲಿ ದಕ್ಷಿಣಕ್ಕೆ ಜೋತು ಬಿದ್ದಿತ್ತು. ಅಲ್ಲಿ ಕೆಂಪು ಕಾಲಿಡದ, ಬರೀ ನೀಲಿ ತುಂಬಿದ ಜಾಗವಿತ್ತು. ಅದಕ್ಕೆ ಆಕಾರವಿತ್ತು: ಉದ್ದ, ಡೊಂಕು, ಹೊಟ್ಟೆ ಉಬ್ಬಿದ ಏನೋ ಒಂದು. ಯಾರ ಕಣ್ಣಿಗೂ ಬೀಳದ ಹೊಳೆಯ ದಡಗಳು ನಮ್ಮ ವರ್ಕ್‌ಶಾಪಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ ಎದ್ದು ನಿಂತಿದ್ದವು.

ರಜೆಯ ದಿನ ಗಾಳಿ ಅಕ್ಕ ನೋಡಲು ಬಂದರು. ಚಪ್ಪಲಿ ಬಿಡಲು ಮರೆತರು. ಗೋಳದ ಸುತ್ತ ಒಂದು ಸುತ್ತು ಬಂದರು, ಮತ್ತೊಂದು ಸುತ್ತು. ತಲೆಯ ಮೇಲಿನ ಕನ್ನಡಕ ತೆಗೆದು ಮೂಗಿನ ಮೇಲಿನ ಕನ್ನಡಕದ ಮೇಲೇ ಹಾಕಿಕೊಂಡರು.

"ಇದು ನಾನು ಬರೆದದ್ದಾ?" ಅಂದರು.

"ಇನ್ಯಾರು ಬರೀತಾರೆ," ಅಂದಳು ದೊಡ್ಡಮ್ಮ.

"ಪರದೆ ಮೇಲೆ ಚಪ್ಪಟೆಯಾಗಿರುತ್ತೆ. ಧ್ರುವದ ಹತ್ತಿರ ಹರಿದು ಎರಡು ತುಂಡಾಗಿ ಕಾಣುತ್ತೆ." ಅವರು ಗುಂಪನ್ನು ಬಿಟ್ಟು ಬೇರೆಯೇ ದಿಕ್ಕಿಗೆ, ಇಡೀ ಮಹಾಸಾಗರ ಸುತ್ತಿ ಹೋಗಿದ್ದ ಒಂದೇ ಒಂದು ಕೆಂಪು ದಾರವನ್ನು ಮುಟ್ಟದೆ ತೋರಿಸಿದರು. "ಇದು ಹದಿನೇಳನೇ ತಾರೀಖು. ಅವತ್ತು ಉತ್ತರದಲ್ಲಿ ದಾರಿನೇ ಕೊಡಲಿಲ್ಲ ಗಾಳಿ. ಈ ಕಡೆಯಿಂದ ಕಳಿಸಿದೆ. ಅವತ್ತು ನಾನು ಊಟ ಮಾಡಿರಲಿಲ್ಲ."

ಬಾಗಿಲಲ್ಲಿ ದೊಡ್ಡಮ್ಮನ ಬಲಗೈ ಹಿಡಿದು ಒಂದು ಸಲ ಒತ್ತಿ ಹೊರಟರು.

ಮರುದಿನ ಮ್ಯಾನೇಜರ್ ಬಂದರು. ಕಂಕುಳಲ್ಲಿ ಮಖಮಲ್ಲಿನ ಉದ್ದನೆಯ ಪೆಟ್ಟಿಗೆ. ಒಳಗೆ ಹೊಳಪು ಹಾಕಿಸಲು ಒಯ್ದಿದ್ದ ಅದೇ ತಂತಿ. ಅವರು ಕೂಡ ಒಂದು ನಿಮಿಷ ಬಾಯಿ ತೆರೆದು ನಿಂತರು, ಅದನ್ನು ಅಲ್ಲಗಳೆಯಲಾರೆ.

"ಚೆನ್ನಾಗಿದೆ," ಅಂದರು. "ಭಯ ಆಗೋಷ್ಟು ಚೆನ್ನಾಗಿದೆ. ಆದರೆ ಅಮ್ಮಾ, ಇದರಲ್ಲಿ ನಮ್ಮ ದಾರಿ ಯಾವುದು?"

"ಎಲ್ಲವೂ ನಿಮ್ದೇ," ಅಂದಳು ದೊಡ್ಡಮ್ಮ.

"ಹಾಗಂತ ಬೋರ್ಡ್ ಬರೆಯೋಕಾಗುತ್ತಾ? ಜನಕ್ಕೆ ಒಂದು ಗೆರೆ ಬೇಕು. ಇಲ್ಲಿಂದ ಅಲ್ಲಿಗೆ, ಇಷ್ಟು ದೂರ, ಇಷ್ಟು ಗಂಟೆ. ಇದು ಜಡೆ ಬಿಚ್ಚಿ ಹರಡಿದ ಹಾಗಿದೆ. ನೋಡಿದವರು ವಿಮಾನ ದಾರಿ ತಪ್ಪುತ್ತೆ ಅಂದುಕೊಳ್ತಾರೆ."

"ದಾರಿ ತಪ್ಪದೇ ಇರಲಿ ಅಂತಲೇ ಒಬ್ಬರು ಊಟ ಬಿಟ್ಟು ಕೂತಿರ್ತಾರೆ," ಅಂದೆ.

ಅವರು ಪೆಟ್ಟಿಗೆ ತೆರೆದು ಮೇಜಿನ ಮೇಲಿಟ್ಟರು. "ತಂತಿ ಇಲ್ಲದ ಗ್ಲೋಬು ನಮ್ಮ ಹಾಲ್‌ಗೆ ಬರಲ್ಲ ಅಮ್ಮಾ. ದೊಡ್ಡವರ ಮಾತು, ನನ್ನ ಕೈಯಲ್ಲಿಲ್ಲ. ಈ ದಾರ ಎಲ್ಲ ತೆಗೆದುಬಿಡಿ, ತಂತಿ ಕೂರಿಸಿ. ಉದ್ದ ಹೆಚ್ಚಾಯ್ತು ಅಂದ್ರಲ್ಲ, ಅದಕ್ಕೆ ನಾನೊಂದು ಯೋಚನೆ ಮಾಡಿದ್ದೀನಿ. ಆ ಊರಿನ ಚುಕ್ಕೆ ಇದೆಯಲ್ಲ, ಅದನ್ನ ಮೂರು ಬೆರಳು ಆಚೆ ಹಾಕಿ. ಮೇಲೊಂದು ಸಣ್ಣ ಕಾಗದ ಅಂಟಿಸಿದ್ರೆ ಆಯ್ತು. ಅಲ್ಲಿ ಸಮುದ್ರ ಖಾಲಿ ಬಿದ್ದಿದೆ. ಸ್ಕೇಲ್ ಹಿಡ್ಕೊಂಡು ಯಾರು ಬರ್ತಾರೆ ನಿಲ್ದಾಣಕ್ಕೆ?"

ದೊಡ್ಡಮ್ಮ ಸ್ಟೂಲಿನಿಂದ ಎದ್ದು ದೂರದ ಊರಿನ ಬದಿಗೆ ಹೋಗಿ ನಿಂತಳು. ಅರವತ್ತು ದಾರಗಳು ಅಲ್ಲಿ ಮತ್ತೆ ಒಂದೇ ಚುಕ್ಕೆಗೆ ಇಳಿಯುತ್ತಿದ್ದವು.

"ಇನ್ನೊಂದು ಮಾತು," ಅಂದರು ಮ್ಯಾನೇಜರ್, ದನಿ ತಗ್ಗಿಸಿ. "ಇದನ್ನ ಮಾಡಿಕೊಟ್ರೆ ಮೊದಲನೇ ದಿನದ ವಿಮಾನದಲ್ಲಿ ನಿಮ್ಮಿಬ್ಬರಿಗೂ ಸೀಟು. ನಾನೇ ಮಾತಾಡಿ ಒಪ್ಪಿಸಿದ್ದೀನಿ. ಹೋಗೋದು, ಬರೋದು, ಎರಡೂ."

"ಕಿಟಕಿ ಪಕ್ಕದ್ದಾ?" ಕೇಳಿದಳು ದೊಡ್ಡಮ್ಮ.

"ಕಿಟಕಿ ಪಕ್ಕದ್ದೇ."

"ಹಿಮ ಕಾಣೋ ಕಡೆದಾ?"

"ಯಾವ ಕಡೆ ಹೇಳ್ತೀರೋ ಆ ಕಡೆದು."

ಅವಳು ಗೋಳದ ಮೇಲೆ ಬಗ್ಗಿದಳು. ಮ್ಯಾನೇಜರ್ ತಂತಿಯನ್ನು ಪೆಟ್ಟಿಗೆಯಿಂದ ಎತ್ತಿ ಎರಡೂ ಕೈಯಲ್ಲಿ ಅವಳ ಮುಂದೆ ಹಿಡಿದರು.

"ಬೇಡ," ಅಂದಳು ದೊಡ್ಡಮ್ಮ. "ಊರು ಸರಿಸಲ್ಲ."